ಪಾಳು ಗದ್ದೆ, ನಾಲ್ಕು ದನ: ಸರದಿ ಮೇಯಿಸೋದನ್ನ ಕಲಿಯೋದು ಹೇಗೆ?

ಗದ್ದೆಅಂಚು, ನಾಪೋಕ್ಲು

ನಮ್ಮ ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬ ಮುಗೀತು, ಮಳೆಯೂ ಸ್ವಲ್ಪ ಬಿಡುವು ಕೊಟ್ಟಿದೆ. ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದನ್ನ ಈಗ ಕೇಳ್ತಿದ್ದೀನಿ.

ಅಪ್ಪ ಇರೋವರೆಗೂ ನಮ್ಮ ಗದ್ದೆಯಲ್ಲಿ ನಾಟಿ ತಪ್ಪಿದ್ದಿಲ್ಲ. ಅವರು ಹೋದಮೇಲೆ ಆಳು ಸಿಗಲಿಲ್ಲ, ಹಂದಿ ಕಾಟ ಬೇರೆ. ಐದು ವರ್ಷದಿಂದ ಒಂದೂವರೆ ಎಕರೆ ಗದ್ದೆ ಪಾಳು. ಅದರ ಮೇಲ್ಗಡೆ ಕಾಫಿ ಹಾಕದೆ ಉಳಿದ ಒಂದು ಎಕರೆ ಬಾಣೆ (ಗದ್ದೆಗೆ ಸೇರಿದ ಮೇವಿನ ಜಾಗ) ಇದೆ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಒಂದು ಜೆರ್ಸಿ, ಅಮ್ಮ ಬಿಡದೆ ಉಳಿಸಿಕೊಂಡ ಒಂದು ಮಲೆನಾಡು ಗಿಡ್ಡ. ಬೆಳಿಗ್ಗೆ ಹಾಲು ಕರೆದು ಎಲ್ಲಾ ಒಟ್ಟಿಗೆ ಬಿಡ್ತೀನಿ. ತಡಮೆ (ಬೇಲಿಯ ದಾಟುಬಾಗಿಲು) ಹತ್ತಿರ ನೆಲ ಬೋಳಾಗಿದೆ, ಅಲ್ಲೇ ಮತ್ತೆ ಮತ್ತೆ ಮೇಯ್ತವೆ. ಆ ಕಡೆ ತುದಿಯಲ್ಲಿ ಹುಲ್ಲು ಸೊಂಟದೆತ್ತರ ಬೆಳೆದು ಕಡ್ಡಿಯಾಗಿದೆ, ಮೂಸಿ ನೋಡಿ ವಾಪಸ್ ಬರ್ತವೆ. ಹಿಂಡಿ ಖರ್ಚು ಮಾತ್ರ ಏರ್ತಾನೇ ಇದೆ.

ಜಾಗ ಭಾಗ ಮಾಡಿ ಸರದಿ ಪ್ರಕಾರ ಮೇಯಿಸೋದರ ವಿಡಿಯೋ ತುಂಬಾ ನೋಡಿದೆ. ಎಲ್ಲಾ ನ್ಯೂಜಿಲೆಂಡ್‌ನವು. ನಮ್ಮ ಮಳೆಗೆ, ನಮ್ಮ ಇಳಿಜಾರಿಗೆ ಇದು ಆಗುತ್ತಾ? ಎಷ್ಟು ಭಾಗ? ಒಂದೊಂದರಲ್ಲಿ ಎಷ್ಟು ದಿನ? ಮಾಡಿದವರು ಹೇಳಿ.

ಕೊಟ್ಟಿಗೆಬೆಳಕು, ಸೋಮವಾರಪೇಟೆ

ಇಷ್ಟೊಂದು ಕಷ್ಟ ಯಾಕೆ? ಅರ್ಧ ಎಕರೆ ನೇಪಿಯರ್ ಹುಲ್ಲು ಹಾಕಿ, ಕೊಯ್ದು ತಂದು ಕೊಟ್ಟಿಗೆಯಲ್ಲೇ ಹಾಕಿ. ಎಚ್‌ಎಫ್ ದನ ಗುಡ್ಡ ಹತ್ತಿ ಇಳಿದರೆ ತಿಂದದ್ದೆಲ್ಲಾ ನಡೆದೇ ಕರಗುತ್ತೆ. ಉಣ್ಣೆ, ಜಿಗಣೆ, ಹುಲಿ ಯಾವ ತಾಪತ್ರಯವೂ ಇಲ್ಲ.

ಗದ್ದೆಅಂಚು, ನಾಪೋಕ್ಲು

ಕೊಯ್ಯೋರು ಯಾರು? ಅಮ್ಮನಿಗೆ ಅರವತ್ತೆಂಟು. ನಾನು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡಬೇಕು. ಹೊತ್ತು ತರೋ ಕೈ ಇಲ್ಲ ಅಂತಲೇ ಈ ಪ್ರಶ್ನೆ.

ಹಸಿರುತಾಕು, ಶನಿವಾರಸಂತೆ

ಐದು ವರ್ಷದಿಂದ ಮಾಡ್ತಿದ್ದೀನಿ, ಮೂರು ಎಕರೆ, ಆರು ದನ. ಭಾಗ ಎಷ್ಟು ಅನ್ನೋದು ಮೊದಲ ಪ್ರಶ್ನೆ ಅಲ್ಲ. ಹುಲ್ಲಿಗೆ ಎಷ್ಟು ದಿನ ಬಿಡುವು ಬೇಕು ಅನ್ನೋದು ಮೊದಲ ಪ್ರಶ್ನೆ.

ನಿಮ್ಮ ತಡಮೆ ಹತ್ತಿರ ಆಗ್ತಿರೋದು ಇಷ್ಟು. ದನ ಒಮ್ಮೆ ಹುಲ್ಲು ಕಿತ್ತರೆ ಹುಲ್ಲು ಸಾಯಲ್ಲ. ಬುಡದಲ್ಲಿ, ಬೇರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಹೊಸ ಎಲೆ ಬಿಡುತ್ತೆ. ಆ ಎಲೆ ಬಿಸಿಲು ಕುಡಿದು ಸಾಲ ತೀರಿಸೋ ಮೊದಲೇ ಎರಡನೇ ಬಾಯಿ ಬಿದ್ದರೆ ಬೇರು ಸೊರಗುತ್ತೆ. ಮೂರನೇ ಬಾಯಿಗೆ ಗಿಡವೇ ಇಲ್ಲ, ಮುಟ್ಟಿದರೆ ಮುನಿ ಆ ಜಾಗ ಹಿಡಿಯುತ್ತೆ. ದನಕ್ಕೆ ಎಳೆ ಚಿಗುರೇ ರುಚಿ, ಹಾಗಾಗಿ ಬಿಟ್ಟರೆ ಅಲ್ಲೇ ಮೇಯುತ್ತೆ. ತಪ್ಪು ದನದ್ದಲ್ಲ.

1950ರ ದಶಕದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಆಂದ್ರೆ ವ್ವಾಜಾಂ ಅನ್ನೋರು ತಮ್ಮ ದನ ಮೇಯೋದನ್ನ ಹಿಂದೆ ಹಿಂದೆ ತಿರುಗಿ ನೋಡಿ ಬರೆದಿಟ್ಟರು. ಅವರು ಹೇಳಿದ್ದರ ಸಾರ: ಕಿತ್ತ ಹುಲ್ಲು ಪೂರ್ತಿ ಚೇತರಿಸಿಕೊಳ್ಳೋವರೆಗೆ ಅದಕ್ಕೆ ಬಾಯಿ ಹಾಕಿಸಬೇಡಿ. ಒಂದು ತಾಕಿನಲ್ಲಿ, ಅಂದರೆ ಒಂದು ಭಾಗದಲ್ಲಿ, ದನ ಇರೋ ಅವಧಿ ಎಷ್ಟು ಕಡಿಮೆ ಇರಬೇಕೆಂದರೆ, ಮೊದಲ ದಿನ ಕಿತ್ತದ್ದು ಮತ್ತೆ ಚಿಗುರಿ ಬಾಯಿಗೆ ಸಿಗೋ ಮೊದಲೇ ಅಲ್ಲಿಂದ ಹೊರಡಬೇಕು. ಹಾಲಿನ ಹಸುವಾದರೆ ಮೂರು ದಿನ ದಾಟಬಾರದು, ದಿನಕ್ಕೊಂದು ತಾಕು ಸಿಕ್ಕರೆ ಇನ್ನೂ ಒಳ್ಳೇದು.

ಬಿಡುವು ಕಾಲಕ್ಕೆ ತಕ್ಕಂತೆ. ನಮ್ಮಲ್ಲಿ ಮೇ ಕೊನೆಯಿಂದ ಜೂನ್‌ನಲ್ಲಿ 25 ದಿನ ಸಾಕು. ಅಕ್ಟೋಬರ್‌ನಲ್ಲಿ 35, 40. ಪುತ್ತರಿ ಸುಗ್ಗಿಹಬ್ಬ ಕಳೆದಮೇಲೆ 60 ಕೊಟ್ಟರೂ ಸಾಲಲ್ಲ, ನಾನು ಮೇಯಿಸೋದನ್ನೇ ನಿಲ್ಲಿಸ್ತೀನಿ. ಎಲ್ಲರೂ ಎಡವೋದು ಇಲ್ಲೇ: ಹುಲ್ಲು ನಿಧಾನ ಆದಾಗ ಮೇವು ಸಾಲದು ಅಂತ ದನವನ್ನ ಬೇಗ ಬೇಗ ಮುಂದಕ್ಕೆ ದಾಟಿಸ್ತಾರೆ. ಆಗ ಎರಡೇ ಸುತ್ತಿಗೆ ಎಲ್ಲಾ ಬೋಳು. ಹುಲ್ಲು ನಿಧಾನ ಅಂದರೆ ದನವೂ ನಿಧಾನ ತಿರುಗಬೇಕು.

ಕಾವೇರಿತಟ, ಕುಶಾಲನಗರ

ವ್ವಾಜಾಂ ಕ್ಯೂಬಾದಲ್ಲಿ ತೀರಿಕೊಂಡರು, ಗೊತ್ತಾ? 1964ರಲ್ಲಿ, ಕ್ಯಾಸ್ಟ್ರೋ ಕರೆಸಿಕೊಂಡು ಉಪನ್ಯಾಸ ಕೊಡಿಸ್ತಿದ್ದಾಗ.

ಗದ್ದೆಅಂಚು, ನಾಪೋಕ್ಲು

@ಹಸಿರುತಾಕು ತುಂಬಾ ಉಪಕಾರ ಆಯ್ತು. ಲೆಕ್ಕ ಹಾಕೋದು ಹೇಗೆ ಅಂತ ನಮ್ಮ ಜಾಗಕ್ಕೇ ಹೇಳಿಕೊಡ್ತೀರಾ?

ಹಸಿರುತಾಕು, ಶನಿವಾರಸಂತೆ

ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಮಾಡಿ. ಹುಲ್ಲು ಮೊಣಕಾಲಿಗಿಂತ ಕೆಳಗಿರೋ, ಮೇಯೋಕೆ ತಯಾರಾದ ಜಾಗದಲ್ಲಿ ಇಡಿ. ನೆಲದಿಂದ 10 ಸೆಂಟಿಮೀಟರ್ ಬಿಟ್ಟು ಮೇಲಿನದ್ದು ಕೊಯ್ದು ತೂಗಿ. ನಾಲ್ಕೈದು ಕಡೆ ಮಾಡಿ ಸರಾಸರಿ ತೆಗೀರಿ.

800 ಗ್ರಾಂ ಬಂತು ಅಂತ ಇಟ್ಟುಕೊಳ್ಳಿ. ಈ ಕಾಲದ ಹುಲ್ಲಲ್ಲಿ ಬಹುಪಾಲು ನೀರೇ, ಒಣ ಅಂಶ 18 ಪರ್ಸೆಂಟ್ ಹಿಡಿದರೆ ಸುಮಾರು 145 ಗ್ರಾಂ. 350 ಕೆಜಿ ತೂಕದ ಹಸುವಿಗೆ ದಿನಕ್ಕೆ 10 ಕೆಜಿ ಒಣ ಅಂಶ ಬೇಕು. 3 ಕೆಜಿ ಹಿಂಡಿ, ಬೈಹುಲ್ಲಿಂದ ಬಂದರೆ ಉಳಿದ 7 ಕೆಜಿ ಹುಲ್ಲಿಂದ. ಅಂದರೆ 50 ಚದರ ಮೀಟರ್. ತುಳಿದು, ಸಗಣಿ ಹಾಕಿ ಹಾಳಾಗೋದು ಸೇರಿಸಿ 70 ಇಟ್ಟುಕೊಳ್ಳಿ. ಮೂರು ಮಿಶ್ರತಳಿಗೆ 210, ಗಿಡ್ಡಕ್ಕೆ 30 ಸಾಕು. ದಿನಕ್ಕೆ 240 ಚದರ ಮೀಟರ್. ಎರಡೂವರೆ ಎಕರೆ ಅಂದರೆ 10,100 ಚದರ ಮೀಟರ್ ಚಿಲ್ಲರೆ. 42 ದಿನಕ್ಕೆ ಒಂದು ಸುತ್ತು. ಈಗಿನ ಕಾಲಕ್ಕೆ ಚೆನ್ನಾಗೇ ಹೊಂದುತ್ತೆ.

ಇದು ಪುಸ್ತಕದ ಲೆಕ್ಕ. ಮೊದಲ ದಿನ ಸಂಜೆ ನಾಲ್ಕಕ್ಕೆ ಹಸುವಿನ ಎಡಪಕ್ಕೆಯಲ್ಲಿ ಸೊಂಟದ ಮೂಳೆ ಮುಂದಿನ ಗುಳಿ ನೋಡಿ. ತುಂಬಿ ಸಮ ಆಗಿದ್ದರೆ ಹೊಟ್ಟೆ ತುಂಬಿದೆ. ಅಂಗೈ ಹಿಡಿಯುವಷ್ಟು ಗುಳಿ ಇದ್ದರೆ ನಾಳೆ ತಾಕು ದೊಡ್ಡದು ಮಾಡಿ.

ಬಾಣೆಮನೆ, ಮೂರ್ನಾಡು

ಓದಿ ಸಂತೋಷ ಆಯ್ತು, ಆದರೆ ಒಂದು ಮಾತು. ಫ್ರಾನ್ಸಿನವರು ಹೇಳೋ ಮೊದಲೇ ನಮ್ಮವರಿಗೆ ಇದು ಗೊತ್ತಿತ್ತು. ಬಾಣೆ ಅಂದರೇನು? ಗದ್ದೆಗೆ ಅಂಟಿಕೊಂಡು ಬಂದ ಜಾಗ. ದನ ಮೇಯೋಕೆ, ಸೊಪ್ಪು ತರೋಕೆ, ಸೌದೆಗೆ ಅಂತಲೇ ಇದ್ದದ್ದು, ಕಾಫಿ ಬಂದದ್ದು ಆಮೇಲೆ. ನಾಟಿಯಿಂದ ಕೊಯ್ಲಿನವರೆಗೆ ದನ ಬಾಣೆಯಲ್ಲಿ. ಪುತ್ತರಿ ಕದಿರು ತೆಗೆದು ಕೊಯ್ಲು ಮುಗಿದಮೇಲೆ ದನ ಗದ್ದೆಗೆ, ಕೂಳೆ ತಿಂದು ಅಲ್ಲೇ ಗೊಬ್ಬರ ಹಾಕೋದು. ಆಗ ಬಾಣೆಗೆ ಬಿಡುವು. ಇದು ಸರದಿ ಅಲ್ಲದೆ ಇನ್ನೇನು?

ಹಸಿರುತಾಕು, ಶನಿವಾರಸಂತೆ

ಗೌರವದಿಂದಲೇ ಹೇಳ್ತೀನಿ, ಒಪ್ಪಲ್ಲ. ಗದ್ದೆಗೂ ಬಾಣೆಗೂ ನಡುವೆ ಸರದಿ ಇತ್ತು, ಸರಿ. ಬಾಣೆಯ ಒಳಗೆ ಆರು ತಿಂಗಳು ದನ ತನಗೆ ಬೇಕಾದಲ್ಲಿ ತಿರುಗ್ತಿತ್ತು. ಗದ್ದೆಅಂಚು ಅವರ ತಡಮೆ ಹತ್ತಿರ ಆದದ್ದು ಅಲ್ಲೂ ಆಗ್ತಿತ್ತು. ಜಾಗ ದಂಡಿಯಾಗಿತ್ತು, ದನ ಸಣ್ಣವು, ಹಾಗಾಗಿ ಯಾರಿಗೂ ಕಾಣಿಸಲಿಲ್ಲ. ಒಂದು ಎಕರೆಯಲ್ಲಿ ಎಚ್‌ಎಫ್ ಇಟ್ಟುಕೊಂಡು ಅದೇ ರೀತಿ ಮಾಡಿದರೆ ನಡೆಯಲ್ಲ.

ಬಾಣೆಮನೆ, ಮೂರ್ನಾಡು

ದನ ತಾನಾಗಿ ತಿರುಗ್ತಿರಲಿಲ್ಲ, ದನ ಕಾಯೋ ಹುಡುಗ ಇರ್ತಿದ್ದ. ನಾನೇ ಕಾದಿದ್ದೀನಿ. ಇವತ್ತು ಆ ಓರೆ (ಇಳಿಜಾರು), ನಾಳೆ ಈ ಓರೆ ಅಂತ ಅಜ್ಜ ಬೆಳಿಗ್ಗೆ ಹೇಳಿ ಕಳಿಸ್ತಿದ್ದರು. ನಿನ್ನೆ ಮೇಯಿಸಿದ ಕಡೆ ಹೊಡೆದರೆ ಸಂಜೆ ಬೈಗುಳ. ಅಜ್ಜ ಕೊಟ್ಟಿಗೆ ಬಾಗಿಲಲ್ಲಿ ನಿಂತು ದನದ ಕಾಲಿನ ಮಣ್ಣಿನ ಬಣ್ಣ ನೋಡಿ ಎಲ್ಲಿ ಮೇಯ್ದು ಬಂದಿದೆ ಅಂತ ಹೇಳ್ತಿದ್ದರು. ಮೇಲಿನ ಓರೆಯದ್ದು ಕೆಂಪು, ಹೊಳೆ ಕಡೆಯದ್ದು ಕಪ್ಪು. ಈಗ ಹುಡುಗನ ಬದಲು ತಂತಿ ಬಂದಿದೆ, ಅಷ್ಟೇ.

ಹಸಿರುತಾಕು, ಶನಿವಾರಸಂತೆ

ಇದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಹಾಗೆ ಕಾಯಿಸಿದ್ದು ನಾನು ನೋಡಿಲ್ಲ. ನನ್ನ ಮಾತು ಹಿಂದಕ್ಕೆ ತಗೊಳ್ತೀನಿ, ನಿಮ್ಮ ಅಜ್ಜನ ವಿಷಯದಲ್ಲಿ.

ಪಶುಮಿತ್ರ, ಗೋಣಿಕೊಪ್ಪ

ಪಶುವೈದ್ಯನಾಗಿ ಒಂದು ಎಚ್ಚರಿಕೆ. ಗದ್ದೆಅಂಚು ಅವರೇ, ಪಾಳು ಗದ್ದೆಯಲ್ಲಿ ಈಗ ದನ ಬಿಡಬೇಡಿ. ಹುಲ್ಲು ಹಸಿರಾಗಿದೆ ಅಂತ ಎಲ್ಲರೂ ಬಿಡ್ತಾರೆ, ಮಾರ್ಚ್‌ನಲ್ಲಿ ನಮ್ಮ ಹತ್ತಿರ ಬರ್ತಾರೆ.

ನೀರು ನಿಲ್ಲೋ ಗದ್ದೆಯಲ್ಲಿ ಸಣ್ಣ ಬಸವನಹುಳ ಇರುತ್ತೆ. ಯಕೃತ್ತಿನ ಚಪ್ಪಟೆ ಹುಳದ ಮೊಟ್ಟೆ ಸಗಣಿಯಲ್ಲಿ ಬಂದು ನೀರಲ್ಲಿ ಒಡೆದು ಮರಿ ಆ ಬಸವನಹುಳದೊಳಗೆ ಸೇರುತ್ತೆ. ಒಂದೂವರೆ ಎರಡು ತಿಂಗಳಾದಮೇಲೆ ಹೊರಬಂದು ಹುಲ್ಲಿನ ಬುಡಕ್ಕೆ, ನೀರಿನ ಅಂಚಿಗೆ ಅಂಟಿಕೊಂಡು ಕೂರುತ್ತೆ. ದನ ಬುಡ ಸಹಿತ ಮೇಯ್ದಾಗ ಹೊಟ್ಟೆಗೆ, ಅಲ್ಲಿಂದ ಯಕೃತ್ತಿಗೆ. ಅಲ್ಲಿ ಬೆಳೆಯೋಕೆ ಮತ್ತೆ ಮೂರು ನಾಲ್ಕು ತಿಂಗಳು. ಹಾಗಾಗಿ ಮಳೆಗಾಲದಲ್ಲಿ ಹೊಕ್ಕಿದ್ದು ಬೇಸಿಗೆಯಲ್ಲಿ ಕಾಣುತ್ತೆ: ದನ ಸೊರಗುತ್ತೆ, ಕಣ್ಣಿನ ಒಳಪದರ ಬಿಳುಚುತ್ತೆ, ದವಡೆ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊದುತ್ತೆ.

ಕೊಯ್ದು ಹಸಿಯಾಗಿ ಹಾಕಿದರೂ ಇದೇ ಅಪಾಯ. ಚೆನ್ನಾಗಿ ಬಿಸಿಲಲ್ಲಿ ಒಣಗಿಸಿದರೆ ಕಡಿಮೆ. ಬಸಿದು ಒಣಗಿದ ಮೇಲಿನ ಮಡಿಗಳಲ್ಲಿ ಬಿಡಿ. ನೀರು ನಿಂತ ಕೆಳಗಿನ ಮಡಿಗಳಿಗೆ ಬೇಲಿ ಹಾಕಿ. ಔಷಧ ಕೊಡೋ ಮೊದಲು ಸಗಣಿ ಪರೀಕ್ಷೆ ಮಾಡಿಸಿ, ಅಂದಾಜಿನಲ್ಲಿ ಕುಡಿಸಬೇಡಿ. ಸಾಮಾನ್ಯ ಜಂತುಹುಳದ ಔಷಧಗಳೆಲ್ಲಾ ಈ ಹುಳಕ್ಕೆ ನಾಟಲ್ಲ.

ಹಸಿರುತಾಕು, ಶನಿವಾರಸಂತೆ

ಡಾಕ್ಟ್ರೇ, ಸರದಿ ಮೇಯಿಸಿದರೆ ಹುಳುವಿನ ಕಾಟವೇ ಇರಲ್ಲ ಅಂತ ಓದಿದ್ದೆ?

ಪಶುಮಿತ್ರ, ಗೋಣಿಕೊಪ್ಪ

ಅರ್ಧ ನಿಜ. ದುಂಡುಹುಳದ ಮರಿ ಸಗಣಿಯಿಂದ ಹೊರಬಂದು ಸೋಂಕು ತಗುಲಿಸೋ ಹಂತಕ್ಕೆ ಬರೋಕೆ ನಮ್ಮ ಹವೆಯಲ್ಲಿ ಐದರಿಂದ ಏಳು ದಿನ. ಮೂರನೇ ದಿನಕ್ಕೇ ದನ ಹೊರಟರೆ ತನ್ನದೇ ಹುಳು ತಾನೇ ತಿನ್ನೋದು ತಪ್ಪುತ್ತೆ. ಬಿಸಿ, ತೇವ ಇರೋ ಕಡೆ ಆ ಮರಿಗಳು ಐದಾರು ವಾರದಲ್ಲಿ ಬಹುಪಾಲು ಸಾಯ್ತವೆ, ಆಮೇಲೆ ವಾಪಸ್ ಬಂದರೆ ಒಳ್ಳೇದು. ಅವು ಹುಲ್ಲಿನ ಬುಡದ ನಾಲ್ಕೈದು ಸೆಂಟಿಮೀಟರ್‌ನಲ್ಲೇ ಹೆಚ್ಚು, ಬುಡ ಬಿಟ್ಟು ಮೇಯಿಸೋದಕ್ಕೆ ಇದೂ ಒಂದು ಕಾರಣ. ಕರುಗಳನ್ನ ಯಾವಾಗಲೂ ಹೊಸ ತಾಕಿಗೆ ಮೊದಲು ಬಿಡಿ.

ಉಣ್ಣೆಗೆ ಮಾತ್ರ ಇದು ನಡೆಯಲ್ಲ. ಉಣ್ಣೆ ಮರಿ ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯುತ್ತೆ. 30 ದಿನದ ಬಿಡುವು ಅದಕ್ಕೆ ಲೆಕ್ಕಕ್ಕಿಲ್ಲ. ಮಿಶ್ರತಳಿಗೆ ಥೈಲೇರಿಯಾ ಅನ್ನೋ ರಕ್ತದ ಕಾಯಿಲೆ ಬರೋದು ಉಣ್ಣೆಯಿಂದ. ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ದಿನಾ ಕೈಯಾಡಿಸಿ ನೋಡಲೇಬೇಕು.

ಮಾಗುಂದ_ಹುಡುಗಿ

ಜಿಗಣೆಗೆ ಏನು ಮಾಡ್ತೀರಾ? ಹೋದ ವರ್ಷ ನಮ್ಮ ಕಡಸಿನ ಮೂಗಿನೊಳಗೆ ಹೊಕ್ಕು ವಾರಗಟ್ಟಲೆ ರಕ್ತ ಸುರೀತು.

ಪಶುಮಿತ್ರ, ಗೋಣಿಕೊಪ್ಪ

ತೋಡಿನ ನೀರು ಕುಡಿಸಬೇಡಿ, ತೊಟ್ಟಿಯಲ್ಲಿ ಕುಡಿಸಿ. ಮೂಗಿನೊಳಗಿನದ್ದು ಹೊಕ್ಕೋದು ಕುಡಿಯೋ ನೀರಿಂದ. ದನಕ್ಕೆ ಬಾಯಾರಿಕೆ ಮಾಡಿ ಮೂತಿ ಮುಂದೆ ಪಾತ್ರೆಯಲ್ಲಿ ತಿಳಿ ನೀರು ಹಿಡಿದರೆ ಜಿಗಣೆ ತಲೆ ಹೊರಗೆ ಹಾಕುತ್ತೆ, ಆಗ ಹಿಡೀಬಹುದು.

ಕಾಡಂಚು, ಶ್ರೀಮಂಗಲ

ನಮ್ಮ ಕಡೆ ಇದೆಲ್ಲಾ ಓದೋಕೆ ಚಂದ. ಹೋದ ಫೆಬ್ರವರಿಯಲ್ಲಿ ಕೊಟ್ಟಿಗೆಯಿಂದ ನೂರೈವತ್ತು ಮಾರು ದೂರದಲ್ಲಿ ಗಬ್ಬದ ಹಸು ಹೋಯ್ತು, ಹಗಲು ಮೂರೂವರೆಗೆ. ಬೇಲಿ ಇತ್ತು. ದನ ತಡೆಯೋ ಒಂದೆಳೆ ತಂತಿ ಹುಲಿಯನ್ನ ತಡೆಯಲ್ಲ. ಆ ಹಸುವಿನ ಕರು ಈಗಲೂ ಆ ಕಡೆ ಹೆಜ್ಜೆ ಇಡಲ್ಲ.

ಹಾಗಂತ ಬಿಟ್ಟಿಲ್ಲ. ಮನೆ ಹತ್ತಿರದ ತಾಕಿಗೆ ಮಾತ್ರ, ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ. ಕಾಫಿ ಗಿಡದ ಅಂಚಿಗೆ ತಾಗಿದ ತಾಕು ಮಾಡಿಲ್ಲ, ಲಂಟಾನ ಪೂರ್ತಿ ಸವರಿಸಿದ್ದೀನಿ. ಅಡಗೋ ಜಾಗ ಇದ್ದರೆ ಮುಗೀತು.

ಕೊಟ್ಟಿಗೆಬೆಳಕು, ಸೋಮವಾರಪೇಟೆ

ಇದಕ್ಕೇ ನಾನು ಕೊಟ್ಟಿಗೆ ಅಂದದ್ದು.

ಕಾಡಂಚು, ಶ್ರೀಮಂಗಲ

ಕೊಟ್ಟಿಗೆಗೂ ಬಂದಿದೆ ಸ್ವಾಮಿ.

ತಂತಿಬೇಲಿ, ಸಿದ್ದಾಪುರ

ಬೇಲಿ ಬಗ್ಗೆ. ಮೇವಿನ ಸರದಿಗೆ ಕಲ್ಲುಕಂಬ, ಮುಳ್ಳುತಂತಿ ಬೇಡ. ಸೋಲಾರ್ ಎನರ್ಜೈಸರ್ (ತಂತಿಗೆ ಕರೆಂಟ್ ಹೊಡೆತ ಕೊಡೋ ಪೆಟ್ಟಿಗೆ), ಸ್ಟೀಲ್ ಎಳೆ ಸೇರಿಸಿ ಹೆಣೆದ ಪಾಲಿವೈರ್, ಕೈಯಲ್ಲೇ ನೆಡೋ ಫೈಬರ್ ಕಡ್ಡಿ. ಒಂದು ತಾಕು ಸರಿಸೋಕೆ ಹತ್ತು ನಿಮಿಷ. ಮಿಶ್ರತಳಿಗೆ 75 ಸೆಂಟಿಮೀಟರ್ ಎತ್ತರದಲ್ಲಿ ಒಂದೆಳೆ ಸಾಕು. ಗಿಡ್ಡಕ್ಕೆ 55, ಇಲ್ಲದಿದ್ದರೆ ತಲೆ ತಗ್ಗಿಸಿ ನುಗ್ಗುತ್ತೆ. ಎರಡೂ ಇದ್ದರೆ ಎರಡೆಳೆ.

ಅರ್ಥಿಂಗ್ ಸರಿಯಿಲ್ಲದೆ ಬೇಲಿ ಬೈದವರೇ ಜಾಸ್ತಿ. ಒಂದು ಸರಳು ಸಾಲದು, ಮೂರು ಹಾಕಿ, ತೇವ ಇರೋ ಜಾಗದಲ್ಲಿ. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟ್ ಅಲ್ಲೇ ಸೋರಿಹೋಗುತ್ತೆ. 3000 ವೋಲ್ಟ್‌ಗಿಂತ ಇಳಿದರೆ ದನ ಲೆಕ್ಕಕ್ಕೇ ತಗೊಳ್ಳಲ್ಲ. ಮೊದಲು ಕೊಟ್ಟಿಗೆ ಅಂಗಳದಲ್ಲಿ ಗಟ್ಟಿ ಬೇಲಿಯ ಒಳಗಡೆ ಎರಡು ಮೂರು ದಿನ ಈ ತಂತಿ ಕಟ್ಟಿ ಅಭ್ಯಾಸ ಮಾಡಿಸಿ. ಒಮ್ಮೆ ಮೂಗು ತಾಗಿಸಿ ಕಲಿತ ಹಸು ಆಮೇಲೆ ತಂತಿ ಹತ್ತಿರ ಸುಳಿಯಲ್ಲ.

ದಯವಿಟ್ಟು ಯಾರೂ ಮನೆ ಕರೆಂಟ್ ನೇರ ತಂತಿಗೆ ಕೊಡಬೇಡಿ. ಎನರ್ಜೈಸರ್ ಸೆಕೆಂಡಿಗೊಂದು ಸಲ ಕ್ಷಣಾರ್ಧದ ಹೊಡೆತ ಕೊಡುತ್ತೆ, ಬಿಡಿಸಿಕೊಳ್ಳೋಕೆ ಸಮಯ ಸಿಗುತ್ತೆ. ನೇರ ಕರೆಂಟ್ ಹಿಡಿದರೆ ಬಿಡಲ್ಲ. ಮನುಷ್ಯರೂ ಹೋಗಿದ್ದಾರೆ, ಆನೆಗಳೂ ಹೋಗಿವೆ. ಆನೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೇಸು, ಆದರೆ ಕೇಸಿಗಿಂತ ಮೊದಲು ಅದು ಜೀವ.

ಮಳೆನಾಡು, ಭಾಗಮಂಡಲ

ನೀವೆಲ್ಲಾ ಶನಿವಾರಸಂತೆ, ಕುಶಾಲನಗರ ಲೆಕ್ಕದಲ್ಲಿ ಮಾತಾಡ್ತಿದ್ದೀರಿ. ನಮ್ಮಲ್ಲಿ ಬೀಳೋ ಮಳೆ ಕುಶಾಲನಗರದ ನಾಲ್ಕೈದು ಪಟ್ಟು. ಕಕ್ಕಡದಲ್ಲಿ (ಜುಲೈ, ಆಗಸ್ಟ್ ನಡುವಿನ ಜೋರು ಮಳೆ ತಿಂಗಳು) ದನ ಹೊರಗೆ ಬಿಟ್ಟರೆ ಹುಲ್ಲು ತಿನ್ನೋದಕ್ಕಿಂತ ಗೊರಸಲ್ಲಿ ಹೂಳೋದೇ ಹೆಚ್ಚು. ಒಂದೊಂದು ಹೆಜ್ಜೆಗೂ ಗಿಂಡಿಯಷ್ಟು ಗುಂಡಿ, ಅದರಲ್ಲಿ ನೀರು. ಆ ಜಾಗದಲ್ಲಿ ಸೆಪ್ಟೆಂಬರ್‌ನಲ್ಲಿ ಬರೋದು ಹುಲ್ಲಲ್ಲ, ಜೊಂಡು. ಒಂದು ವರ್ಷದ ಆತುರಕ್ಕೆ ನಾಲ್ಕು ತಾಕು ಕಳಕೊಂಡೆ, ಮೂರು ವರ್ಷ ಆಯ್ತು, ಇನ್ನೂ ಸರಿಯಾಗಿಲ್ಲ.

ಈಗ ಒಂದು ನಿಯಮ ಇಟ್ಟುಕೊಂಡಿದ್ದೀನಿ. ಹಿಮ್ಮಡಿ ಒತ್ತಿದರೆ ನೀರು ಮೇಲೆ ಬಂದರೆ ಅವತ್ತು ದನ ಹೊರಗೆ ಇಲ್ಲ. ಮನೆ ಪಕ್ಕ ಕಲ್ಲು ಹಾಸಿದ ಹತ್ತು ಸೆಂಟು ಜಾಗ ಇದೆ, ಅಲ್ಲೇ ಬೈಹುಲ್ಲು ಹಾಕಿ ನಿಲ್ಲಿಸ್ತೀನಿ. ಜುಲೈಯಲ್ಲಿ 20 ದಿನ ಹಾಗೇ ಹೋಗುತ್ತೆ.

ಓರೆಮನೆ, ಮಕ್ಕಂದೂರು

ಬಾಣೆ ಇಳಿಜಾರು ಎಷ್ಟಿದೆ ಅಂತ ಯಾರೂ ಕೇಳಲಿಲ್ಲ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರು ನಾವು. ಕಡಿದಾದ ಓರೆಯಲ್ಲಿ ದನ ಅಡ್ಡಡ್ಡ ನಡೆದು ಮೆಟ್ಟಿಲ ಹಾಗೆ ದಾರಿ ಬೀಳುತ್ತೆ, ನೀರು ಅದರಲ್ಲೇ ಹರಿಯೋಕೆ ಶುರು ಮಾಡುತ್ತೆ. ಮರ ಇರೋ ಕಡೆ ಮರ ಬಿಡಿ. ತುಂಬಾ ಕಡಿದಾದ್ದು ಇದ್ದರೆ ಅಲ್ಲಿ ಹುಲ್ಲು ಕೊಯ್ಯಿರಿ, ಎಚ್‌ಎಫ್ ಹತ್ತಿಸಬೇಡಿ. ತಾಕು ಮಾಡುವಾಗ ಉದ್ದ ಓರೆಗೆ ಅಡ್ಡಲಾಗಿ ಇರಲಿ, ಮೇಲಿಂದ ಕೆಳಕ್ಕೆ ಬೇಡ.

ಗದ್ದೆಅಂಚು, ನಾಪೋಕ್ಲು

ಅಷ್ಟೇನೂ ಕಡಿದಲ್ಲ, ಅಮ್ಮ ಊರುಗೋಲಿಲ್ಲದೆ ಹತ್ತುತ್ತಾರೆ. ಆದರೂ ಅಡ್ಡ ತಾಕು ಅನ್ನೋದು ನೆನಪಿಡ್ತೀನಿ.

ರೋಬಸ್ಟಾ_ತೋಟ, ಅಮ್ಮತ್ತಿ

ಕಾಫಿ ತೋಟದೊಳಗೇ ಸರದಿ ಮೇಯಿಸಿದರೆ ಹೇಗೆ? ಕಳೆ ತೆಗೆಸೋ ಖರ್ಚೂ ಉಳಿಯುತ್ತೆ.

ಬಾಣೆಮನೆ, ಮೂರ್ನಾಡು

ಬೇಡ. ಕಾಫಿಯ ಉಣ್ಣೋ ಬೇರು ಮೇಲೇ ಇರೋದು, ದನ ತುಳಿದು ನೆಲ ಗಟ್ಟಿಯಾಗುತ್ತೆ. ಎಳೆ ರೆಕ್ಕೆ (ಕೊಂಬೆ) ಮುರಿಯುತ್ತೆ. ಮೆಣಸು ಬಳ್ಳಿಗೆ ಮೈ ಉಜ್ಜುತ್ತೆ.

ಪಶುಮಿತ್ರ, ಗೋಣಿಕೊಪ್ಪ

ಇನ್ನೊಂದು ಕಾರಣ: ಕಾಫಿಗೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಕೆಳಗಿನ ಹುಲ್ಲಿನ ಮೇಲೂ ಮೈಲುತುತ್ತ ಬಿದ್ದಿರುತ್ತೆ. ಕಳೆನಾಶಕ ಹೊಡೆದ ಕಡೆಯಂತೂ ಯೋಚನೆಯೇ ಬೇಡ.

ಬಾಣೆಯಲ್ಲಿ ಲಂಟಾನ ಇದ್ದರೆ ಕಿತ್ತು ತೆಗೀರಿ. ಮೇವು ಸಾಲದ ದನ ಅದನ್ನ ತಿಂದರೆ ಯಕೃತ್ತು ಕೆಡುತ್ತೆ, ಬಿಸಿಲು ತಾಗಿದ ಕಡೆ, ಅದರಲ್ಲೂ ಬಿಳಿ ಮಚ್ಚೆಯ ಚರ್ಮ ಸುಲಿಯುತ್ತೆ. ಒಣ ಓರೆಯಲ್ಲಿ ಬೆಳೆಯೋ ದೊಡ್ಡ ಜರಿಗಿಡವೂ ಹಾಗೇ ಅಪಾಯ, ತಿಂಗಳುಗಟ್ಟಲೆ ತಿಂದರೆ ಮೂತ್ರದಲ್ಲಿ ರಕ್ತ. ನಾವು ಪಲ್ಯ ಮಾಡೋ ತೆರ್ಮೆ ಅಲ್ಲ, ಅದು ಬೇರೆ. ಕಮ್ಯುನಿಸ್ಟ್ ಗಿಡ ದನ ಮುಟ್ಟಲ್ಲ, ಅದಕ್ಕೇ ಅದು ಹರಡೋದು, ಹೂ ಬಿಡೋ ಮೊದಲು ಕಡೀಬೇಕು.

ಕಾವೇರಿತಟ, ಕುಶಾಲನಗರ

ಈ ಸರದಿ ಮೇವಿಂದ ಮಣ್ಣು ಇಂಗಾಲ ಹೀರಿಕೊಂಡು ಹವಾಮಾನವೇ ಸರಿಹೋಗುತ್ತೆ ಅಂತ ಜಿಂಬಾಬ್ವೆಯ ಅಲನ್ ಸೇವರಿ 2013ರಲ್ಲಿ ದೊಡ್ಡ ಭಾಷಣ ಮಾಡಿದ್ದರು. ಅದನ್ನೂ ನೋಡಿ.

ಹಸಿರುತಾಕು, ಶನಿವಾರಸಂತೆ

ಅದಕ್ಕೆ ಬಹಳ ವಿಜ್ಞಾನಿಗಳು ಆಕ್ಷೇಪ ಎತ್ತಿದ್ದಾರೆ, ಅಷ್ಟು ದೊಡ್ಡ ಮಾತಿಗೆ ಆಧಾರ ಸಾಲದು ಅಂತ. ಅವರು ಮಾತಾಡಿದ್ದೂ ಒಣ ಸೀಮೆಯ ಬಗ್ಗೆ. ನಮಗೆ ಬೇಕಾದ್ದು ನಾಲ್ಕು ದನದ ಹೊಟ್ಟೆ, ಹುಲ್ಲಿನ ಬುಡ. ಈ ಚರ್ಚೆಯನ್ನ ಅಲ್ಲಿಗೆ ಒಯ್ಯೋದು ಬೇಡ.

ಮಾಗುಂದ_ಹುಡುಗಿ

ಯಾವ ಹುಲ್ಲು ಹಾಕಬೇಕು?

ಹಸಿರುತಾಕು, ಶನಿವಾರಸಂತೆ

ಮೊದಲ ವರ್ಷ ಏನೂ ಹಾಕಬೇಡಿ. ಬಿಡುವು ಕೊಟ್ಟರೆ ಇರೋ ಹುಲ್ಲೇ ಬದಲಾಗುತ್ತೆ. ಆಮೇಲೆ ಬೇಕಾದರೆ ಕಾಂಗೋ ಸಿಗ್ನಲ್ ಹುಲ್ಲು, ತುಳಿತ ತಾಳುತ್ತೆ. ಮರದ ನೆರಳಿಗೆ ಗಿನಿ ಹುಲ್ಲು, ಆದರೆ ಅದು ಪೊದೆ ಕಟ್ಟೋ ಜಾತಿ, 15 ಸೆಂಟಿಮೀಟರ್ ಬುಡ ಬಿಡಲೇಬೇಕು. ಗರಿಕೆಯಂಥ ಹಬ್ಬೋ ಹುಲ್ಲು 5 ಸೆಂಟಿಮೀಟರ್‌ಗೂ ಸಾಯಲ್ಲ. ನೇಪಿಯರ್ ಕೊಯ್ಯೋಕೆ ಮಾತ್ರ. ಬೇಲಿ ಸಾಲಿಗೆ ಹಾಲವಾಣ, ಗ್ಲಿರಿಸಿಡಿಯಾ ನೆಟ್ಟರೆ ಬೇಸಿಗೆಗೆ ಸೊಪ್ಪು.

ಸಗಣಿಬುಟ್ಟಿ, ಚೆಟ್ಟಳ್ಳಿ

ನಾನು ಹೆಚ್ಚು ಬರೆಯೋಳಲ್ಲ, ಆದರೆ ಇದನ್ನ ಹೇಳಲೇಬೇಕು. ಕಲಿಯೋದು ತಂತಿಯಿಂದ ಅಲ್ಲ, ಮಂಡಿಯೂರಿ ನೋಡೋದರಿಂದ.

ದನ ದಾಟಿಸಿದ ಮಾರನೇ ಬೆಳಿಗ್ಗೆ ಹಿಂದಿನ ತಾಕಿಗೆ ಹೋಗ್ತೀನಿ. ಒಂದೇ ಒಂದು ಗಿಡಕ್ಕೆ ಕೆಂಪು ದಾರ ಕಟ್ಟಿರ್ತೀನಿ. ದನದ ಹಲ್ಲು ಕತ್ತರಿಸಿದ ತುದಿ ಕತ್ತಿಯಲ್ಲಿ ಕೊಯ್ದ ಹಾಗೆ ನೇರ ಇರಲ್ಲ, ನಾಲಿಗೆ ಸುತ್ತಿ ಎಳೆದು ಕಿತ್ತಿರುತ್ತೆ, ನಾರು ನಾರಾಗಿರುತ್ತೆ. ಎರಡನೇ ದಿನಕ್ಕೆ ಆ ತುದಿ ಕಂದು, ನಡುವಿಂದ ಹೊಸ ಎಲೆ ಉಗುರಷ್ಟು ಬಂದಿರುತ್ತೆ. ಆ ಉಗುರು ಕಂಡ ದಿನವೇ ದನ ಅಲ್ಲಿ ಇರಬಾರದು. ಆಮೇಲೆ ವಾರಕ್ಕೊಮ್ಮೆ ಎಲೆ ಎಣಿಸ್ತೀನಿ. ಒಂದು, ಎರಡು, ಮೂರು. ನಾಲ್ಕನೇ ಎಲೆ ಬರುವಾಗ ಮೊದಲನೇ ಎಲೆಯ ತುದಿ ಹಳದಿಯಾಗೋಕೆ ಶುರು. ನನಗೆ ಅದೇ ಗಂಟೆ. ಕ್ಯಾಲೆಂಡರ್ ನೋಡೋದು ಬಿಟ್ಟು ಎರಡು ವರ್ಷ ಆಯ್ತು.

ಸಗಣಿಯನ್ನೂ ನೋಡಿ. ರೊಟ್ಟಿ ಹಿಟ್ಟಿನ ಹಾಗೆ ಬಿದ್ದು ನಡುವೆ ಸಣ್ಣ ಗುಳಿ ಇದ್ದರೆ ಮೇವು ಸಮ ಇದೆ. ನೀರಾಗಿ ಚಿಮ್ಮಿದರೆ ಹುಲ್ಲು ತುಂಬಾ ಎಳೆಯದು. ಹಾಗಾದಾಗ ನಮ್ಮ ಹಾಲಿನ ಫ್ಯಾಟ್ ಇಳೀತಿತ್ತು. ಬಿಡೋ ಮೊದಲು ತಲಾ ಎರಡು ಕೆಜಿ ಬೈಹುಲ್ಲು ತಿನ್ನಿಸೋಕೆ ಶುರು ಮಾಡಿದೆ, ಸರಿಹೋಯ್ತು. ಈಗ ಸಗಣಿ ಮಗುಚಿದರೆ ಕೆಳಗೆ ಕಪ್ಪು ಜೀರುಂಡೆ ಕಾಣ್ತವೆ, ಮೂರು ನಾಲ್ಕು ದಿನಕ್ಕೆ ಸಗಣಿ ತೂತು ತೂತಾಗಿ ಮಣ್ಣಿಗೆ ಸೇರುತ್ತೆ.

ಗದ್ದೆಅಂಚು, ನಾಪೋಕ್ಲು

ನಾಳೆಯೇ ಕೆಂಪು ದಾರ ಕಟ್ಟಿಸ್ತೀನಿ, ಅಮ್ಮನ ಹತ್ತಿರ ಕೇಳಿದೆ, ಹೊಲಿಗೆ ಡಬ್ಬಿಯಲ್ಲಿ ಇದೆಯಂತೆ. ಕೆಳಗಿನ ಅರ್ಧ ಎಕರೆ ಗದ್ದೆ ಡಾಕ್ಟ್ರು ಹೇಳಿದ ಹಾಗೆ ಬಿಟ್ಟುಬಿಡ್ತೀನಿ. ಉಳಿದ ಎರಡು ಎಕರೆಗೆ ಲೆಕ್ಕ ಹಾಕಿದರೆ 33 ದಿನ ಬರುತ್ತೆ. ಶುರು ಮಾಡಿ ತಿಳಿಸ್ತೀನಿ.

ಗದ್ದೆಅಂಚು, ನಾಪೋಕ್ಲು

ತಲಕಾವೇರಿ ತೀರ್ಥೋದ್ಭವ ಮುಗಿಸಿ ಬಂದು ಬರೀತಿದ್ದೀನಿ. ಮೊದಲ ಸುತ್ತು ಮುಗೀತು.

ತೂಕ ಹಾಕಿದಾಗ ಬಾಣೆಯಲ್ಲಿ 550 ಗ್ರಾಂ ಬಂತು, ಮೇಲಿನ ಗದ್ದೆ ಮಡಿಗಳಲ್ಲಿ ಕೆಜಿ ದಾಟಿತು. ಹಾಗಾಗಿ ಬಾಣೆಯಲ್ಲಿ ತಾಕು ದೊಡ್ಡದು, ಗದ್ದೆಯಲ್ಲಿ ಚಿಕ್ಕದು ಮಾಡಿದೆ. ಮೊದಲ ಮೂರು ದಿನ ಜೆರ್ಸಿ ತಂತಿ ಹತ್ತಿರ ನಿಂತು ಕೂಗಿತು, ಆ ಕಡೆ ಹುಲ್ಲು ಕಾಣ್ತಿತ್ತಲ್ಲ. ನಾಲ್ಕನೇ ದಿನ ನಾನು ಕಡ್ಡಿ ಕೀಳೋಕೆ ಹೋದ ತಕ್ಷಣ ನಾಲ್ಕೂ ಸಾಲಾಗಿ ಬಂದು ನಿಂತವು. ಸೊಂಟದೆತ್ತರದ ಕಡ್ಡಿ ಹುಲ್ಲು ಅರ್ಧ ತಿಂದು ಅರ್ಧ ತುಳಿದು ಮಲಗಿಸಿದವು, ಅದರ ಸಂದಿಯಲ್ಲಿ ಈಗ ಹೊಸ ಚಿಗುರು. ಹಿಂಡಿ ದಿನಕ್ಕೆ ತಲಾ ಅರ್ಧ ಕೆಜಿ ಇಳಿಸಿದ್ದೀನಿ, ಹಾಲು ಇಳಿದಿಲ್ಲ.

ತಪ್ಪೂ ಆಯ್ತು. ಒಂದು ವಾರ ಎಡೆಬಿಡದೆ ಮಳೆ ಹಿಡೀತು, ಭಾಗಮಂಡಲದವರು ಹೇಳಿದ್ದು ಮರೆತು ದನ ಬಿಟ್ಟೆ. ಒಂದು ಮಡಿ ಪೂರ್ತಿ ಕೆಸರು. ಈಗ ಅಲ್ಲಿ ಹೋಗಿ ನಿಂತರೆ ಹೊಟ್ಟೆ ಉರಿಯುತ್ತೆ.

ಕೆಂಪು ದಾರದ ಗಿಡ ಮೂರನೇ ಎಲೆಯಲ್ಲಿದೆ. 33 ದಿನ ಆಯ್ತು. ದಾಟಿಸಲಾ, ಕಾಯಲಾ?

ಸಗಣಿಬುಟ್ಟಿ, ಚೆಟ್ಟಳ್ಳಿ

ಕಾಯಿರಿ. ನಾಲ್ಕೈದು ದಿನ ಬೈಹುಲ್ಲು ಜಾಸ್ತಿ ಹಾಕಿ ಅಂಗಳದಲ್ಲಿ ನಿಲ್ಲಿಸಿ.

ಹಸಿರುತಾಕು, ಶನಿವಾರಸಂತೆ

ಕಾಯಿರಿ. ಕೆಸರಾದ ಮಡಿಯನ್ನ ಈ ಸುತ್ತಲ್ಲಿ ಬಿಟ್ಟುಬಿಡಿ, ಮುಂದಿನ ಮೇ ತನಕ ಅಲ್ಲಿ ಗೊರಸು ಬೀಳೋದು ಬೇಡ.

ಬಾಣೆಮನೆ, ಮೂರ್ನಾಡು

ಗಿಡ್ಡ ಹೇಗಿದೆ?

ಗದ್ದೆಅಂಚು, ನಾಪೋಕ್ಲು

ಗುಂಡಗಾಗಿದೆ. ತಾಕು ದಾಟಿಸುವಾಗ ಅದೇ ಮುಂದೆ, ಎಚ್‌ಎಫ್ ಎರಡೂ ಅದರ ಹಿಂದೆ. ಅಮ್ಮ ದಿನಾ ಸಂಜೆ ಅದರ ಪಕ್ಕೆ ಮುಟ್ಟಿ ನೋಡಿ ನನಗೆ ಫೋನ್ ಮಾಡಿ ಹೇಳ್ತಾರೆ, ಗುಳಿ ತುಂಬಿದೆ ಅಂತ.